ಮಿಡಿಗೇಶಿಯಲ್ಲಿ ರಿಪೇರಿಯಾಗುವ ಸೈಕಲ್ಲು: ಬಯಲುಸೀಮೆಯ ಗುಡ್ಡದ ಹಾದಿಗೆ 21 ಗೇರಿನ ಉಕ್ಕಿನ ಸೈಕಲ್ ಹೇಗಿದೆ?

ತುಮಕೂರಿನಿಂದ ಹೊರಟು ಕೊರಟಗೆರೆ, ಮಧುಗಿರಿ, ಮಿಡಿಗೇಶಿ ದಾಟಿ ಪಾವಗಡ. ಅಲ್ಲಿಂದ ಆಂಧ್ರದ ಹಿಂದೂಪುರ ಹಾದು ಗೌರಿಬಿದನೂರು, ಮುಂದೆ ಗುಡಿಬಂಡೆ, ಬಾಗೇಪಲ್ಲಿ, ಚಿಂತಾಮಣಿ, ಕೊನೆಗೆ ಕೋಲಾರ. ರಾಜ್ಯದ ಮೂರು ಜಿಲ್ಲೆಯ ಈ ಹಾದಿಯನ್ನು ಸಾಮಾನು ಕಟ್ಟಿಕೊಂಡು ಸೈಕಲ್ಲಿನಲ್ಲಿ ಸುತ್ತಬೇಕು ಅನ್ನುವವರು ಮೊದಲು ಕೇಳುವ ಪ್ರಶ್ನೆ, ಯಾವ ಸೈಕಲ್ ಕೊಳ್ಳಲಿ ಅಂತ. ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಒಂದು ಕಂಪನಿಯ ಒಂದು ಮಾಡೆಲ್ ಅಲ್ಲ, ಒಂದು ಬಗೆಯ ಸೈಕಲ್. ಉಕ್ಕಿನ ಫ್ರೇಮು, ಮುಂದೆ ಶಾಕ್ ಅಬ್ಸಾರ್ಬರ್ ಇಲ್ಲದ ಗಟ್ಟಿ ಫೋರ್ಕು, 26 ಇಂಚಿನ ಚಕ್ರ, ಮುಂದೆ 3 ಹಿಂದೆ 7 ಸೇರಿ 21 ಗೇರು, ರಿಮ್ಮಿನ ಎರಡೂ ಪಕ್ಕಕ್ಕೆ ರಬ್ಬರು ಒತ್ತುವ ವಿ-ಬ್ರೇಕು. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರದ ಯಾವ ದೊಡ್ಡ ಸೈಕಲ್ ಅಂಗಡಿಯಲ್ಲಿ ಕೇಳಿದರೂ ಇಂಥದ್ದೊಂದನ್ನು ತೋರಿಸುತ್ತಾರೆ, ಇಲ್ಲದಿದ್ದರೆ ತರಿಸಿಕೊಡುತ್ತಾರೆ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಹಾದಿಗೆ ಇದಕ್ಕಿಂತ ಹಗುರವಾದ, ವೇಗವಾದ, ಚೆಂದದ ಸೈಕಲ್ಲುಗಳು ಬೇಕಾದಷ್ಟಿವೆ. ಇದಕ್ಕಿಂತ ತಕ್ಕದ್ದು ಇಲ್ಲ. ಆದರೆ ಅಂಗಡಿಯಿಂದ ಹೊರಬಂದ ಸ್ಥಿತಿಯಲ್ಲೇ ಅದನ್ನು ಪಾವಗಡಕ್ಕೆ ಒಯ್ಯಬಾರದು. ಫ್ರೀವೀಲ್, ಅಂದರೆ ಹಿಂದಿನ ಹಲ್ಲುಚಕ್ರಗಳ ಜೋಡಣೆ, ಬದಲಿಸಬೇಕು, ಟೈರು ಬದಲಿಸಬೇಕು, ಕ್ಯಾರಿಯರ್ ಬೇರೆ ಹಾಕಿಸಬೇಕು, ಹಿಂದಿನ ಚಕ್ರವನ್ನು ತಿಳಿದವರ ಕೈಯಲ್ಲಿ ಮತ್ತೊಮ್ಮೆ ಬಿಗಿ ಮಾಡಿಸಬೇಕು. ಇಷ್ಟು ಮಾಡದೆ ಹೊರಟರೆ ತೊಂದರೆ ಎಲ್ಲಿ ಬರುತ್ತದೆ, ಯಾಕೆ ಬರುತ್ತದೆ ಅನ್ನುವುದೇ ಈ ಬರಹದ ಮುಖ್ಯ ವಿಷಯ.

ಈ ಸೀಮೆಯ ಏರು ಹಿಮಾಲಯದ ಹಾಗೆ ದಿನಗಟ್ಟಲೆ ಮುಂದುವರಿಯುವುದಿಲ್ಲ, ಪಶ್ಚಿಮಘಟ್ಟದ ಹಾಗೆ ಒಂದೇ ಘಾಟಿಯಲ್ಲಿ ಮುಗಿಯುವುದೂ ಇಲ್ಲ. ಬಂಡೆಗುಡ್ಡಗಳ ನಡುವಿನ ಕಣಿವೆ ಹಿಡಿದು ರಸ್ತೆ ಏರುತ್ತದೆ, ಕೆರೆ ಏರಿಯ ಮೇಲೆ ಹಾದು ಇಳಿಯುತ್ತದೆ, ಮತ್ತೆ ಏರುತ್ತದೆ. ದೊಡ್ಡ ಏರು ಬೇಕೆಂದೇ ಹೋಗುವವರಿಗೆ ಸುಮಾರು 1,200 ಮೀಟರ್ ಎತ್ತರದ ದೇವರಾಯನದುರ್ಗವಿದೆ, 1,478 ಮೀಟರ್ ಎತ್ತರದ ನಂದಿಬೆಟ್ಟವಿದೆ. ಮಿಕ್ಕ ಕಡೆ ಕಷ್ಟ ಕೊಡುವುದು ಎತ್ತರವಲ್ಲ. ಬಿಸಿಲು, ಗಾಳಿ, ಮುಳ್ಳು, ಕಿತ್ತುಹೋದ ಡಾಂಬರು, ಇವುಗಳ ಜೊತೆಗೆ ಮೂವತ್ತು ನಲವತ್ತು ಕಿಲೋಮೀಟರ್ ದೂರಕ್ಕೆ ಗೇರ್ ಸೈಕಲ್ಲಿನ ಒಂದು ಸಾಮಾನೂ ಸಿಗದಿರುವುದು. ಹಾಗಾಗಿ ಇಲ್ಲಿ ಸೈಕಲ್ಲನ್ನು ಅಳೆಯಬೇಕಾದ ಅಳತೆಗೋಲು ಒಂದೇ: ಕೆಟ್ಟಾಗ ಮಿಡಿಗೇಶಿಯಂಥ ಹತ್ತಿರದ ಹೋಬಳಿ ಊರಿನಲ್ಲಿ, ಅಲ್ಲಿರುವ ಕೈ ಮತ್ತು ಅಲ್ಲಿರುವ ಸಾಮಾನಿನಿಂದ, ಎಷ್ಟು ಭಾಗ ಸರಿಹೋಗುತ್ತದೆ?

ಹೋಬಳಿ ಊರಿನ ಸೈಕಲ್ ಶಾಪಿನಲ್ಲಿ ಏನು ಸಿಗುತ್ತದೆ

2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದ ಮೇಲೆ ಹಳ್ಳಿಹಳ್ಳಿಗೂ ಸೈಕಲ್ ಹೊಕ್ಕಿತು, ರಿಪೇರಿ ಶಾಪುಗಳಿಗೂ ಕೆಲಸ ಉಳಿಯಿತು. ಈಗ ಆ ಶಾಪುಗಳಲ್ಲಿ ಬಹುಪಾಲು ಬೈಕ್ ಪಂಕ್ಚರ್ ಅಂಗಡಿಗಳೂ ಆಗಿವೆ. ಅಲ್ಲಿ ಖಂಡಿತ ಸಿಗುವುದು ಬಾಲ್ಸು, ಗ್ರೀಸು, ಪ್ಯಾಚು, ಸೊಲ್ಯೂಷನ್ನು, ಸಾದಾ ಸೈಕಲ್ಲಿನ ಕಡ್ಡಿ, ಒಂಟಿ ಹಲ್ಲುಚಕ್ರದ ಫ್ರೀವೀಲು, ಪೆಡಲ್ಲು, ಸೀಟಿನ ಬೋಲ್ಟು, ಎಲ್ಲ ಅಳತೆಯ ನಟ್ಟು. ಸಿಗದಿರುವುದು ಗೇರಿನ ತಂತಿ, 7 ಹಲ್ಲುಚಕ್ರದ ಫ್ರೀವೀಲು, ತೆಳು ಚೈನು, ವಿ-ಬ್ರೇಕಿನ ರಬ್ಬರು, 26 ಇಂಚಿನ ಸರಿಯಾದ ಅಳತೆಯ ಟೈರು.

ಕೊನೆಯದನ್ನು ಬಿಡಿಸಿ ಹೇಳಬೇಕು. ಟೈರಿನ ಮೇಲೆ 26 ಎಂದು ಬರೆದಿದ್ದರೆ ಸಾಲದು. ಗೇರ್ ಸೈಕಲ್ಲಿನ 26×1.95 ಟೈರು ಕೂರುವ ರಿಮ್ಮಿನ ವ್ಯಾಸ 559 ಮಿಲಿಮೀಟರ್. 26×1⅜ ಎಂದಿರುವ ಟೈರಿನದು 590. ಹಳೆಯ ಕರಿ ಸೈಕಲ್ಲಿನ 28×1½ ಟೈರಿನದು 635. ಒಂದರ ಟೈರು ಇನ್ನೊಂದಕ್ಕೆ ಯಾವ ಬಲಪ್ರಯೋಗದಿಂದಲೂ ಕೂರುವುದಿಲ್ಲ. ಟೈರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 50-559 ಎಂಬಂಥ ಸಂಖ್ಯೆ ಒತ್ತಿರುತ್ತದೆ, ನೋಡಬೇಕಾದ್ದು ಅದನ್ನೇ. ಟ್ಯೂಬು ರಬ್ಬರಾದ್ದರಿಂದ ಸ್ವಲ್ಪ ಹೊಂದಿಕೊಳ್ಳುತ್ತದೆ, 26×1⅜ರ ಟ್ಯೂಬನ್ನು ಆಪತ್ಕಾಲಕ್ಕೆ ತುರುಕಬಹುದು. ಟೈರಿಗೆ ಆ ಸೌಲಭ್ಯವಿಲ್ಲ. ಅದಕ್ಕೇ ಮಡಿಚಿ ಇಡಬಹುದಾದ ಒಂದು ಟೈರು ಸಾಮಾನಿನ ತಳದಲ್ಲಿ ಇರಲಿ. ಹಾಗೆಂದು ಈಗ ಹೆಚ್ಚು ಓಡಾಡುವ 700ಸಿ ಎಂಬ ದೊಡ್ಡ ಅಳತೆಯ ಚಕ್ರದ ಹೈಬ್ರಿಡ್ ಸೈಕಲ್ಲು ಕೊಂಡರೂ ಟೈರು ಸಿಗದ ಸಮಸ್ಯೆ ಅಷ್ಟೇ ಇದೆ, ಜೊತೆಗೆ ಚಕ್ರ ದೊಡ್ಡದಾದಷ್ಟೂ ಅದೇ ಭಾರಕ್ಕೆ ಕಡ್ಡಿ ಬೇಗ ಸೋಲುತ್ತದೆ.

ವಾಲ್ವಿನ ವಿಷಯದಲ್ಲಿ ರಾಜಿ ಬೇಡ. ಬೈಕು, ಟ್ರಾಕ್ಟರಿಗೆ ಇರುವಂಥ ದಪ್ಪ ವಾಲ್ವಿನ ಟ್ಯೂಬೇ ಬೇಕು. ಪೆಟ್ರೋಲ್ ಬಂಕು, ಪಂಕ್ಚರ್ ಅಂಗಡಿ, ಕೊನೆಗೆ ಯಾರದೋ ಮನೆಯ ಬೈಕಿನ ಕಾಲುಪಂಪು, ಎಲ್ಲದರಲ್ಲೂ ಗಾಳಿ ಹಿಡಿಯುತ್ತದೆ. ಸಣ್ಣ ಪ್ರೆಸ್ಟಾ ವಾಲ್ವಿನ ಸೈಕಲ್ಲಾದರೆ ಹಿತ್ತಾಳೆಯ ಅಡಾಪ್ಟರ್ ಕಳೆದುಹೋದ ದಿನ ಗಾಳಿಗೂ ಗತಿಯಿಲ್ಲ. ಕಂಪ್ರೆಸರಿನಲ್ಲಿ ಹಿಡಿಸುವಾಗ ಒಂದು ಎಚ್ಚರ: ಲಾರಿ ಟೈರಿಗೆ ಇಟ್ಟ ಒತ್ತಡದಲ್ಲಿ ಸೈಕಲ್ ಟ್ಯೂಬು ಒಂದೆರಡು ಸೆಕೆಂಡಿನಲ್ಲೇ ಸಿಡಿಯಬಲ್ಲದು. ಅರ್ಧ ಸೆಕೆಂಡು ಒತ್ತಿ, ಬೆರಳಿನಿಂದ ನೋಡಿ, ಮತ್ತೆ ಒತ್ತಿಸಬೇಕು. ಸಾಮಾನು ಕಟ್ಟಿದ ಸೈಕಲ್ಲಿಗೆ 1.95 ಇಂಚಿನ ಟೈರಿನಲ್ಲಿ ಹಿಂದೆ 45ರಿಂದ 50, ಮುಂದೆ 35ರಿಂದ 40 ಪಿಎಸ್‌ಐ ಸಾಕು. ಅದಕ್ಕಿಂತ ಗಟ್ಟಿ ಹಿಡಿಸಿದರೆ ಜಲ್ಲಿ ಎದ್ದ ರಸ್ತೆಯಲ್ಲಿ ಸೈಕಲ್ಲು ಕುಪ್ಪಳಿಸುತ್ತದೆ, ಕಡಿಮೆಯಾದರೆ ಗುಂಡಿಯ ಅಂಚಿಗೆ ಟ್ಯೂಬು ರಿಮ್ಮಿನ ಮಧ್ಯೆ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತಾಗುತ್ತದೆ.

ಏರಿನ ಲೆಕ್ಕ

ಅಂಗಡಿಯಲ್ಲಿ 21 ಗೇರ್ ಎಂದು ಹೇಳುತ್ತಾರೆಯೇ ಹೊರತು ಹಲ್ಲಿನ ಲೆಕ್ಕ ಹೇಳುವುದಿಲ್ಲ. ಏರಿನಲ್ಲಿ ಕೆಲಸಕ್ಕೆ ಬರುವುದು ಆ ಲೆಕ್ಕ ಮಾತ್ರ. ಈ ದರ್ಜೆಯ ಸೈಕಲ್ಲಿನಲ್ಲಿ ಶಿಮಾನೊ ಕಂಪನಿಯ ಟೂರ್ನಿ ಅಥವಾ ಅದರಂಥದೇ ಸಾಮಾನು ಇರುತ್ತದೆ. ಪೆಡಲಿನ ಬಳಿಯ ಮುಂದಿನ ಹಲ್ಲುಚಕ್ರಗಳು 42-34-24 ಹಲ್ಲಿನವು ಇದ್ದರೆ ಒಳ್ಳೆಯದು, 48-38-28 ಇದ್ದರೆ ಈ ಹಾದಿಗೆ ಬೇಡ. ಹಿಂದೆ ಸಾಮಾನ್ಯವಾಗಿ 14ರಿಂದ 28 ಹಲ್ಲಿನ ಫ್ರೀವೀಲ್ ಬರುತ್ತದೆ. ಅದನ್ನು ತೆಗೆಸಿ 14ರಿಂದ 34ರದ್ದನ್ನು ಹಾಕಿಸಿ.

ಯಾಕೆಂದರೆ 26×1.95 ಟೈರು ಒಂದು ಸುತ್ತಿಗೆ ಸುಮಾರು 2.05 ಮೀಟರ್ ಹೋಗುತ್ತದೆ. ಮುಂದೆ 24, ಹಿಂದೆ 28 ಇದ್ದಾಗ ಪೆಡಲ್ ಒಂದು ಸುತ್ತಿಗೆ 1.76 ಮೀಟರ್. ಹಿಂದೆ 34 ಆದರೆ 1.45 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಮೊದಲಿನದರಲ್ಲಿ ಗಂಟೆಗೆ 6.3 ಕಿಲೋಮೀಟರ್, ಎರಡನೆಯದರಲ್ಲಿ 5.2. ಸವಾರ 75, ಸೈಕಲ್ 17, ಸಾಮಾನು 13, ಒಟ್ಟು 105 ಕಿಲೋ ಎಂದಿಟ್ಟುಕೊಳ್ಳಿ. ನೂರು ಮೀಟರಿಗೆ 8 ಮೀಟರ್ ಏರುವ ರಸ್ತೆಯಲ್ಲಿ ಮೊದಲ ವೇಗಕ್ಕೆ ಕಾಲು ಸುಮಾರು 160 ವ್ಯಾಟ್ ಕೊಡಬೇಕು, ಎರಡನೆಯದಕ್ಕೆ 130 ಸಾಕು. ಆರೋಗ್ಯವಾಗಿರುವ ಸಾಮಾನ್ಯ ಮನುಷ್ಯ ಅರ್ಧ ಗಂಟೆ 130 ತಡೆದುಕೊಳ್ಳಬಹುದು. 160ರಲ್ಲಿ ಅವನಿಗೆ ಏದುಸಿರು ಬರುತ್ತದೆ, ಸೀಟಿನಿಂದ ಎದ್ದು ತುಳಿಯುತ್ತಾನೆ, ಹಿಂದಿನ ಚಕ್ರದ ಕಡ್ಡಿಗಳಿಗೆ ಎಳೆತ ಹೆಚ್ಚುತ್ತದೆ. ಫ್ರೀವೀಲಿಗೆ ಕೊಡುವ ಕೆಲವು ನೂರು ರೂಪಾಯಿ ಇಡೀ ಸೈಕಲ್ಲಿನಲ್ಲೇ ಅತ್ಯಂತ ಸಾರ್ಥಕವಾದ ಖರ್ಚು.

ಹಾಕಿಸುವಾಗ ಮೂರು ವಿಷಯ ನೋಡಬೇಕು. ಹಿಂದಿನ ಡಿರೇಲರು ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ. ಅದರ ಕೇಜು, ಅಂದರೆ ಎರಡು ಸಣ್ಣ ಚಕ್ರಗಳಿರುವ ತೋಳು, ಉದ್ದದ್ದಾಗಿರಬೇಕು. ಗಿಡ್ಡ ಕೇಜಿನದು 34 ಹಲ್ಲಿಗೆ ತಾಗಿ ಕಟಕಟ ಎನ್ನುತ್ತದೆ. ಚೈನು ಮುಂದೆ 42, ಹಿಂದೆ 34 ಎರಡಕ್ಕೂ ಸುತ್ತುವಷ್ಟು ಉದ್ದವಿರಬೇಕು, ಇಲ್ಲದಿದ್ದರೆ ಮರೆತು ಆ ಗೇರಿಗೆ ಹಾಕಿದ ದಿನ ಡಿರೇಲರು ಕಿತ್ತು ಕಡ್ಡಿಯೊಳಗೆ ಹೋಗುತ್ತದೆ. ಒಳಮಿತಿಯ ಸ್ಕ್ರೂ, ಅಂದರೆ ಡಿರೇಲರಿನ ಮೇಲೆ ಎಲ್ ಎಂದು ಬರೆದಿರುವುದು, ಚೈನು ದೊಡ್ಡ ಹಲ್ಲಿನ ಆಚೆ ಕಡ್ಡಿಯ ಕಡೆಗೆ ಬೀಳದಂತೆ ತಿರುಗಿಸಿರಬೇಕು. ಅಂಗಡಿಯವರು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ತೋರಿಸಿದರೆ ಒಪ್ಪಬೇಡಿ. ಏರಿನಲ್ಲಿ ತುಳಿದು ನೋಡಿ, ಭಾರ ಬಿದ್ದಾಗ ಫ್ರೇಮು ಬಾಗುವುದರಿಂದ ಅಲ್ಲಿ ಹೊಂದಿದ್ದು ಇಲ್ಲಿ ತಪ್ಪುತ್ತದೆ.

ಹೋಲಿಕೆಗೆ, 44 ಹಲ್ಲಿನ ಮುಂಚಕ್ರ, 18ರ ಫ್ರೀವೀಲ್ ಇರುವ ಕರಿ ಸೈಕಲ್ಲು ಪೆಡಲಿನ ಒಂದು ಸುತ್ತಿಗೆ 5.4 ಮೀಟರ್ ಎಳೆಯುತ್ತದೆ. ಸಿರಾ ಕಡೆಯ ಸಮತಟ್ಟಿನಲ್ಲಿ ಅದು ಚೆನ್ನ, ದೇವರಾಯನದುರ್ಗದ ಏರಿನಲ್ಲಿ ಇಳಿದು ತಳ್ಳಬೇಕು. ತಳ್ಳಲು ಬೇಸರವಿಲ್ಲದವರಿಗೆ ಅದೂ ಯೋಗ್ಯ ಸೈಕಲ್ಲೇ. ಅದರಷ್ಟು ರಿಪೇರಿಗೆ ಒಲಿಯುವುದು ಇನ್ನೊಂದಿಲ್ಲ.

ಹಿಂದಿನ ಚಕ್ರ

ಈ ಬಗೆಯ ಸೈಕಲ್ಲಿನ ನಿಜವಾದ ದೌರ್ಬಲ್ಯ ಇಲ್ಲಿದೆ. ಏಳು ಹಲ್ಲುಚಕ್ರಗಳಿಗೆ ಜಾಗ ಬಿಡಲು ಹಿಂದಿನ ಹಬ್ಬಿನ, ಅಂದರೆ ಚಕ್ರದ ನಡುಭಾಗದ, ಬಲಗಡೆ ಕಡ್ಡಿ ಸಿಕ್ಕಿಸುವ ಫ್ಲ್ಯಾಂಜು ಒಳಕ್ಕೆ ಸರಿದಿರುತ್ತದೆ. ಅದರಿಂದ ಎರಡು ತೊಂದರೆ. ಬಲಗಡೆಯ ಕಡ್ಡಿಗಳು ಹೆಚ್ಚು ನೆಟ್ಟಗೆ ನಿಂತು ಎಡಗಡೆಯವಕ್ಕಿಂತ ಬಹಳ ಬಿಗಿಯಾಗಿರಬೇಕಾಗುತ್ತದೆ, ಮುರಿಯುವುದೂ ಅವೇ. ಇನ್ನೊಂದು, ಬಲಗಡೆಯ ಬಾಲ್ಸು ಕೂರುವ ಜಾಗದಿಂದ ಫ್ರೇಮಿನವರೆಗೆ ಆಕ್ಸೆಲ್ಲಿಗೆ ಆಸರೆಯಿಲ್ಲ. ಭಾರ ಹೊತ್ತು ಗುಂಡಿಗೆ ಬಿದ್ದಾಗ ಆಕ್ಸೆಲ್ ಬಾಗುತ್ತದೆ, ಬಾಗಿದ್ದನ್ನು ಹಾಗೇ ಓಡಿಸಿದರೆ ಮುರಿಯುತ್ತದೆ. ಬಾಗಿದೆಯೇ ಎಂದು ತಿಳಿಯುವ ಬಗೆ ಸುಲಭ: ಸೈಕಲ್ಲನ್ನು ತಲೆಕೆಳಗು ಮಾಡಿ ಪೆಡಲನ್ನು ಹಿಂದಕ್ಕೆ ತಿರುಗಿಸಿ. ಫ್ರೀವೀಲಿನ ಹಲ್ಲು ಅಲುಗಿದಂತೆ ಕಂಡರೂ ಅದು ಮಾಮೂಲಿ ಇರಬಹುದು. ನಟ್ಟು ಸಡಿಲಿಸಿ ಆಕ್ಸೆಲ್ಲನ್ನೇ ಬೆರಳಲ್ಲಿ ತಿರುಗಿಸಿದಾಗ ಅದರ ತುದಿ ವೃತ್ತ ಬರೆದರೆ ಬಾಗಿದೆ ಎಂದೇ ಅರ್ಥ.

36 ಕಡ್ಡಿಯ ಚಕ್ರವನ್ನೇ ಕೇಳಿ ತೆಗೆದುಕೊಳ್ಳಿ. 32ರದ್ದೂ ಬರುತ್ತದೆ, 28ರದ್ದನ್ನಂತೂ ಮುಟ್ಟಬೇಡಿ. ಕಾರ್ಖಾನೆಯಲ್ಲಿ ಮೆಷಿನ್ನು ಕಟ್ಟಿದ ಚಕ್ರದ ಕಡ್ಡಿಗಳು ಒಂದೇ ಬಿಗಿಯಲ್ಲಿ ಇರುವುದಿಲ್ಲ. ಸಡಿಲ ಇರುವುದು ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗಿ ಕೊಕ್ಕೆಯ ಹತ್ತಿರ ಬಳಲಿ ಮುರಿಯುತ್ತದೆ. ಕಡ್ಡಿ ಮುರಿಯುವುದು ಹೆಚ್ಚಾಗಿ ಬಿಗಿಯಿಂದಲ್ಲ, ಸಡಿಲದಿಂದ. ಸಾದಾ ಸೈಕಲ್ಲಿನ ಬೆಂಡ್ ತೆಗೆಯುವ ಹಳೆಯ ಕೈಗಳು ತುಮಕೂರು, ಮಧುಗಿರಿ, ಚಿಂತಾಮಣಿಯಲ್ಲಿ ಇನ್ನೂ ಇವೆ. ಎರಡೆರಡು ಕಡ್ಡಿಯನ್ನು ಹಿಂಡಿ, ತಂತಿ ಮೀಟಿದ ಹಾಗೆ ಶಬ್ದ ಕೇಳಿ ಬಿಗಿ ಗುರುತಿಸುತ್ತಾರೆ. ಅಂಥವರಲ್ಲಿ ಒಂದು ಮಧ್ಯಾಹ್ನ ಕೊಟ್ಟು ಹಿಂದಿನ ಚಕ್ರ ಬಿಗಿ ಮಾಡಿಸಿದರೆ ಹೊಸ ದುಬಾರಿ ಚಕ್ರ ಕೊಂಡದ್ದಕ್ಕೆ ಸಮ.

ಆದರೂ ಬಲಗಡೆ ಒಂದು ಕಡ್ಡಿ ಮುರಿಯಿತು ಅನ್ನಿ. ರಿಮ್ಮು ಎಡಕ್ಕೆ ಎಳೆದುಕೊಂಡು ಬ್ರೇಕಿಗೆ ಉಜ್ಜುತ್ತದೆ. ಮುರಿದ ಕಡ್ಡಿಯನ್ನು ಪಕ್ಕದ್ದಕ್ಕೆ ಸುತ್ತಿ, ಅದರ ಅಕ್ಕಪಕ್ಕದ ಎರಡು ಎಡಗಡೆ ಕಡ್ಡಿಯ ನಿಪ್ಪಲ್ಲನ್ನು, ಅಂದರೆ ರಿಮ್ಮಿನ ಬಳಿ ಕಡ್ಡಿ ಬಿಗಿಯುವ ಸಣ್ಣ ನಟ್ಟನ್ನು, ಅರ್ಧ ಸುತ್ತು ಸಡಿಲಿಸಿ, ಹಿಂದಿನ ಬ್ರೇಕು ಬಿಚ್ಚಿ, ಮೆಲ್ಲಗೆ ಮುಂದಿನ ಊರಿಗೆ ಹೋಗಬಹುದು. ಹೊಸ ಕಡ್ಡಿ ಹಾಕಲು ಫ್ರೀವೀಲ್ ಬಿಚ್ಚಲೇಬೇಕು. ಇಲ್ಲೇ ಎಲ್ಲರೂ ಸಿಕ್ಕಿಬೀಳುವುದು. ಹಳ್ಳಿಯ ಶಾಪಿನಲ್ಲಿರುವ ಬಿಚ್ಚುವ ಸಾಧನ ಒಂಟಿ ಹಲ್ಲುಚಕ್ರದ ಫ್ರೀವೀಲಿನದು, ಶಿಮಾನೊ ಮಾದರಿಯ 12 ಗೆರೆಯ ಕಿಂಡಿಗೆ ಅದು ಹೊಂದುವುದಿಲ್ಲ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಆ ಚಿಕ್ಕ ಸಾಧನವನ್ನು ನೀವೇ ಇಟ್ಟುಕೊಳ್ಳಿ. ಬೇರೆ ಯಾವ ಸಾಮಾನು ಬಿಟ್ಟರೂ ಅದನ್ನು ಬಿಡಬೇಡಿ. ದೊಡ್ಡ ಸ್ಪ್ಯಾನರ್ ಹೊರುವ ಅಗತ್ಯವಿಲ್ಲ, ಪ್ರತಿ ಹೋಬಳಿ ಊರಿನಲ್ಲೂ ಟ್ರಾಕ್ಟರ್ ಗ್ಯಾರೇಜೋ ವೆಲ್ಡಿಂಗ್ ಶಾಪೋ ಇರುತ್ತದೆ, ಅಲ್ಲಿ ಸಾಮಾನನ್ನು ಕಚ್ಚಿ ಹಿಡಿಯುವ ವೈಸ್ ಇರುತ್ತದೆ. ಸಾಧನವನ್ನು ಫ್ರೀವೀಲಿಗೆ ಕೂರಿಸಿ, ಜಾರದ ಹಾಗೆ ಮೇಲಿನಿಂದ ಆಕ್ಸೆಲ್ ನಟ್ಟನ್ನು ಕೈಬಿಗಿ ಮಾಡಿ, ಸಾಧನವನ್ನು ವೈಸಿಗೆ ಕಚ್ಚಿಸಿ, ಚಕ್ರವನ್ನೇ ಸ್ಟೀರಿಂಗಿನಂತೆ ಹಿಡಿದು ಎಡಕ್ಕೆ ತಿರುಗಿಸಬೇಕು. ಕಟ್ ಎಂದು ಬಿಟ್ಟೊಡನೆ ನಟ್ಟು ಸಡಿಲಿಸಿ ಮತ್ತೆ ತಿರುಗಿಸಿ. ಬಿಗಿಯಾಗಿರುವ ನಟ್ಟಿನ ಮೇಲೆಯೇ ಒತ್ತಾಯ ಮಾಡಿದರೆ ನಟ್ಟಿನ ಮರೆ ಹಾಳಾಗುತ್ತದೆ.

ಕಡ್ಡಿ ಒಯ್ಯುವಾಗ ಮುಂದಿನದು, ಹಿಂದಿನ ಎಡ, ಹಿಂದಿನ ಬಲ, ಮೂರೂ ಬೇರೆ ಬೇರೆ ಉದ್ದ ಎಂಬುದು ನೆನಪಿರಲಿ. ನಿಮ್ಮ ಚಕ್ರದಿಂದಲೇ ಅಳತೆ ತೆಗೆಸಿ ಹಿಂದಿನ ಬಲಕ್ಕೆ ನಾಲ್ಕು, ಮಿಕ್ಕ ಎರಡಕ್ಕೆ ಎರಡೆರಡು, ನಿಪ್ಪಲ್ ಸಮೇತ ಸೀಟಿನ ಕೊಳವೆಯೊಳಗೆ ಬಟ್ಟೆ ಸುತ್ತಿ ಇಡಬಹುದು. ಜೊತೆಗೆ ಒಂದು ಹಿಂದಿನ ಆಕ್ಸೆಲ್, ಅದರ ಮೇಲೆ ಬಾಲ್ಸನ್ನು ಒತ್ತಿಹಿಡಿಯುವ ಎರಡು ಕೋನು. ಬಾಲ್ಸು ಹೊರಬೇಕಿಲ್ಲ, ಹಿಂದಿನ ಹಬ್ಬಿಗೆ ಕಾಲಿಂಚಿನವು ಪಕ್ಕಕ್ಕೆ 9, ಮುಂದಿನದಕ್ಕೆ 3/16 ಇಂಚಿನವು ಪಕ್ಕಕ್ಕೆ 10, ಎಲ್ಲ ಶಾಪಿನಲ್ಲೂ ಸಿಗುತ್ತವೆ. ಹಳೆಯದಕ್ಕೆ ಹೊಸದು ಬೆರೆಸಿ ಹಾಕಿಸಬೇಡಿ. ಅಳತೆಯಲ್ಲಿ ಕೂದಲೆಳೆ ವ್ಯತ್ಯಾಸವಿದ್ದರೂ ದೊಡ್ಡವೇ ಭಾರ ಹೊತ್ತು ಕೋನನ್ನು ಕೊರೆಯುತ್ತವೆ.

ಮುಳ್ಳು, ಒಕ್ಕಣೆ, ಕೆಂಪು ಧೂಳು

ಈ ಸೀಮೆಯ ಪಂಕ್ಚರಿಗೆ ಮೊಳೆ, ಗಾಜು ಕಾರಣವಲ್ಲ. ಕೆರೆಯಂಗಳ, ರಸ್ತೆ ಬದಿ, ಬೀಳು ಹೊಲ ತುಂಬಿರುವ ಬಳ್ಳಾರಿ ಜಾಲಿಯ ಮುಳ್ಳು ಮತ್ತು ನೆಲಕ್ಕೆ ಹರಡುವ ನೆಗ್ಗಿಲು. ಎರಡೂ ಬೇರೆ ಬೇರೆ ರೀತಿ ಕಾಡುತ್ತವೆ. ಜಾಲಿ ಮುಳ್ಳು ಉದ್ದ, ಟೈರಿನ ದಪ್ಪ ಎಷ್ಟಿದ್ದರೂ ನೇರ ನಿಂತಿದ್ದರೆ ಒಳಹೊಗುತ್ತದೆ, ಒಳಗೇ ಮುರಿಯುತ್ತದೆ. ಸೌದೆಗೆ ಕಡಿದು ಸಾಗಿಸುವ ದಾರಿಯಲ್ಲಿ, ಬೇಲಿಗೆ ಮುಳ್ಳುಕಂತೆ ಎಳೆದ ಜಾಗದಲ್ಲಿ ಇದರ ಕಾಟ ಹೆಚ್ಚು. ಅಲ್ಲೆಲ್ಲ ರಸ್ತೆಯ ಅಂಚು ಬಿಟ್ಟು ಗಾಡಿಚಕ್ರ ಓಡಾಡಿ ಸವೆದ ಪಟ್ಟೆಯಲ್ಲೇ ಹೋಗಬೇಕು. ನೆಗ್ಗಿಲು ಗಿಡ್ಡ, ಆದರೆ ಒಂದೇ ಕಡೆ ಹತ್ತಾರು ಹತ್ತುತ್ತವೆ. ಮೂತ್ರ ವಿಸರ್ಜನೆಗೋ ನೆರಳಿಗೋ ಸೈಕಲ್ಲನ್ನು ಮಣ್ಣಿಗೆ ಇಳಿಸಿದರೆ ಸಾಕು. ಹತ್ತಿದ್ದನ್ನು ರಸ್ತೆಯಲ್ಲಿ ನಿಂತೇ ಕೀಳುವುದು ಒಳ್ಳೆಯದಲ್ಲ, ಮೊದಲು ನೆರಳಿರುವ, ನೀರಿರುವ ಕಡೆ ತಲುಪಿ. ಮುಳ್ಳು ತೂತನ್ನು ಸ್ವಲ್ಪ ಹೊತ್ತು ತಾನೇ ಮುಚ್ಚಿಕೊಂಡಿರುತ್ತದೆ.

ಸೈಕಲ್ಲಿನ ಜೊತೆ ಬರುವ ಟೈರಿಗೆ ಮುಳ್ಳುತಡೆ ಏನೂ ಇಲ್ಲ. ಎರಡು ದಾರಿಯಿದೆ. ದುಡ್ಡಿದ್ದರೆ ಒಳಗೆ ದಪ್ಪ ರಬ್ಬರ್ ಪದರವಿರುವ ಪ್ರವಾಸಿ ಟೈರು, ಉದಾಹರಣೆಗೆ 5 ಮಿಲಿಮೀಟರ್ ಪದರವಿರುವ ಶ್ವಾಲ್ಬೆ ಮ್ಯಾರಥಾನ್ ಪ್ಲಸ್. ಭಾರವಾದದ್ದು, ಹಾಕಲು ಕೈನೋವು, ದುಬಾರಿ. ಆದರೆ ನೆಗ್ಗಿಲಿಗೆ ಜಗ್ಗುವುದಿಲ್ಲ, ಜಾಲಿಯನ್ನೂ ಬಹುಮಟ್ಟಿಗೆ ತಡೆಯುತ್ತದೆ. ಕಡಿಮೆ ಖರ್ಚಿನ ದಾರಿ, ಹಳೆಯ ಟ್ಯೂಬನ್ನು ವಾಲ್ವು ಕತ್ತರಿಸಿ, ಉದ್ದಕ್ಕೆ ಸೀಳಿ ಟೈರಿನೊಳಗೆ ಹಾಸುವುದು. ಇದು ಕೆಲಸ ಮಾಡುತ್ತದೆ, ಆದರೆ ಅಂಚು ಚೂಪಾಗಿದ್ದರೆ ಅದೇ ಹೊಸ ಟ್ಯೂಬನ್ನು ಸವೆಸಿ ತೂತು ಮಾಡುತ್ತದೆ. ತುದಿಗಳನ್ನು ದುಂಡಗೆ ಕತ್ತರಿಸಿ, ಒಂದರ ಮೇಲೊಂದು ನಾಲ್ಕು ಬೆರಳಷ್ಟು ಬರುವಂತೆ ಹಾಸಿ, ಆ ಜಾಗ ವಾಲ್ವಿನ ಎದುರು ಬದಿಗೆ ಬರಲಿ, ಟಾಲ್ಕಮ್ ಪೌಡರ್ ಧಾರಾಳವಾಗಿ ಉದುರಿಸಿ. ಟ್ಯೂಬಿನೊಳಗೆ ಹಾಕುವ ಸೀಲೆಂಟ್ ದ್ರವವೂ ಸಣ್ಣ ಮುಳ್ಳಿಗೆ ಆಗಿಬರುತ್ತದೆ, ಏಪ್ರಿಲ್ ಬಿಸಿಲಿಗೆ ಬೇಗ ಒಣಗಿ ಗಂಟಾಗುತ್ತದೆ, ಒಮ್ಮೆ ಹಾಕಿದ ಟ್ಯೂಬಿಗೆ ಪ್ಯಾಚು ಸರಿಯಾಗಿ ಹಿಡಿಯುವುದೂ ಇಲ್ಲ.

ಪ್ಯಾಚ್ ಹಾಕುವ ಮುಂಚೆ ಟೈರಿನೊಳಗೆ ಒಂದು ಹಳೆಯ ಹತ್ತಿ ಬಟ್ಟೆಯನ್ನು ಸುತ್ತಲೂ ಎಳೆಯಿರಿ. ಮುರಿದ ಮುಳ್ಳಿನ ತುದಿ ಕಣ್ಣಿಗೆ ಕಾಣದಿದ್ದರೂ ನೂಲಿಗೆ ಸಿಕ್ಕುತ್ತದೆ. ಅದನ್ನು ತೆಗೆಯದೆ ಟ್ಯೂಬು ಹಾಕಿದರೆ ಹತ್ತು ಕಿಲೋಮೀಟರಿನಲ್ಲಿ ಅದೇ ಜಾಗ ಮತ್ತೆ ಪಂಕ್ಚರ್. ಸೊಲ್ಯೂಷನ್ ಹಚ್ಚಿದ ಮೇಲೆ ಒದ್ದೆ ಹೊಳಪು ಹೋಗುವ ತನಕ ಕಾಯಿರಿ, ಬಿಸಿಲಿನಲ್ಲಿ ಎರಡು ಮೂರು ನಿಮಿಷ. ಪ್ಯಾಚು ಕಿತ್ತುಬರುವುದಕ್ಕೆ ಅವಸರವೇ ಮುಖ್ಯ ಕಾರಣ.

ಇನ್ನು ಒಕ್ಕಣೆ. ನವೆಂಬರಿನಿಂದ ಜನವರಿವರೆಗೆ ರಾಗಿ, ಹುರುಳಿ, ಅವರೆಯನ್ನು ಡಾಂಬರು ರಸ್ತೆಯ ಮೇಲೆ ಹರಡಿರುತ್ತಾರೆ. ಕಣವಿಲ್ಲದ, ಕೂಲಿ ಕೊಡಲಾಗದ ಮನೆಯವರಿಗೆ ಹಾದುಹೋಗುವ ಬಸ್ಸು ಲಾರಿಗಳೇ ಒಕ್ಕುವ ಗುಂಡು. ಸೈಕಲ್ಲಿಗೆ ಮಾತ್ರ ಇದು ಅಪಾಯ. ಹುರುಳಿ ಬಳ್ಳಿ ಡಿರೇಲರಿನ ಸಣ್ಣ ಚಕ್ರಗಳಿಗೆ ಸುತ್ತಿಕೊಂಡು ಚೈನು ನಿಲ್ಲುತ್ತದೆ, ಅದರ ಮೇಲೆ ಒಂದು ತುಳಿತ ಬಲವಾಗಿ ಬಿದ್ದರೆ ಡಿರೇಲರು ತಿರುಚಿಕೊಳ್ಳುತ್ತದೆ. ರಾಗಿ ಹುಲ್ಲು ಹಬ್ಬಿಗೂ ಫ್ರೀವೀಲಿಗೂ ನಡುವೆ ಬಿಗಿಯಾಗಿ ಸೇರುತ್ತದೆ. ಇಳಿದು ನಡೆಯುವುದು ಸರಿಯಾದ ಕ್ರಮ, ಸೈಕಲ್ಲಿಗೂ ಸರಿ, ಬೆಳೆಗೂ ಸರಿ. ಹಾದುಹೋದ ಮೇಲೆ ನಿಂತು ಸಣ್ಣ ಚಕ್ರಗಳನ್ನು ಬೆರಳಿನಿಂದ ಬಿಡಿಸಿ ಮುಂದೆ ಹೋಗಬೇಕು.

ಡಿರೇಲರು ಮುರಿದೇ ಹೋದರೂ ಹಾದಿ ನಿಲ್ಲಬೇಕಿಲ್ಲ. ಅದನ್ನು ಬಿಚ್ಚಿ, ಚೈನು ಕತ್ತರಿಸಿ, ಮುಂದೆ 34ರ ಹಲ್ಲುಚಕ್ರಕ್ಕೂ ಹಿಂದೆ ಅದಕ್ಕೆ ನೇರ ಬರುವ ಮಧ್ಯದ ಹಲ್ಲುಚಕ್ರಕ್ಕೂ ಸೇರಿಸಿದರೆ ಒಂಟಿ ಗೇರಿನ ಸೈಕಲ್ಲಾಗುತ್ತದೆ. ಚೈನು ಓರೆಯಾದರೆ ತುಳಿದಾಗ ಹತ್ತಿರದ ದೊಡ್ಡ ಹಲ್ಲುಚಕ್ರಕ್ಕೆ ಏರಿ ಬಿಗಿದುಕೊಳ್ಳುತ್ತದೆ, ಅದಕ್ಕೇ ನೇರವಿರಬೇಕು. ಇದಕ್ಕೆ ಚೈನು ಬಿಚ್ಚುವ ಸಾಧನ, 7 ಗೇರಿನ ಚೈನಿನ ಎರಡು ಜೋಡುಕೊಂಡಿ ಜೊತೆಗಿರಬೇಕು. ಹಳ್ಳಿಯ ಶಾಪಿನ ಚೈನು 1/8 ಇಂಚು ಅಗಲದ್ದು, ಗೇರಿನದು 3/32. ಅಗಲದ್ದು ಏಳು ಹಲ್ಲುಚಕ್ರಗಳ ನಡುವೆ ಹಿಡಿಸುವುದಿಲ್ಲ.

ಕೆಂಪು ಧೂಳಿಗೆ ಎಣ್ಣೆ ಹೆಚ್ಚಾದಷ್ಟೂ ಚೈನು ಬೇಗ ಸವೆಯುತ್ತದೆ. ಬೈಕಿನ ಹಳೆ ಎಂಜಿನ್ ಆಯಿಲ್ ಧಾರಾಳವಾಗಿ ಸುರಿದುಕೊಡುವುದು ಶಾಪುಗಳಲ್ಲಿ ಪ್ರೀತಿಯಿಂದ ಮಾಡುವ ಉಪಚಾರ, ಆದರೆ ಅದು ಧೂಳನ್ನು ಕಲಸಿ ಉಜ್ಜುವ ಹಿಟ್ಟು ಮಾಡುತ್ತದೆ. ಒಂದೊಂದು ರೋಲರಿಗೆ ಒಂದು ಹನಿ, ನಾಲ್ಕು ಸುತ್ತು ತಿರುಗಿಸಿ, ಮೇಲಿನದನ್ನೆಲ್ಲ ಬಟ್ಟೆಯಿಂದ ಒರೆಸಿಬಿಡಿ. ಸವೆತ ನೋಡಲು ದರ್ಜಿಯ ಟೇಪು ಬೇಡ, ಉಕ್ಕಿನ ಸ್ಕೇಲು ಬೇಕು. ಒಂದನೇ ಪಿನ್ನಿನ ನಡುವಿನಿಂದ 25ನೇ ಪಿನ್ನಿನ ನಡುವಿನವರೆಗೆ ಸರಿಯಾಗಿ 12 ಇಂಚು ಇರಬೇಕು. 1/16 ಇಂಚು ಹೆಚ್ಚಾದರೆ ಹೊಸ ಚೈನು ಹಾಕುವ ಕಾಲ, 1/8 ಆದರೆ ಫ್ರೀವೀಲೂ ಹೋಗಿದೆ.

ಕ್ಯಾರಿಯರ್, ಚೀಲ, ಬ್ರೇಕು

ಸೀಟಿನ ಕಂಬಕ್ಕೆ ಮಾತ್ರ ಬಿಗಿಯುವ ಅಲ್ಯೂಮಿನಿಯಂ ಕ್ಯಾರಿಯರನ್ನು ಅಂಗಡಿಗಳು ಧಾರಾಳವಾಗಿ ಮಾರುತ್ತವೆ. ಸಾಮಾನು ಹೊರುವ ಪ್ರವಾಸಕ್ಕೆ ಅದು ಆಗದು. ಏಳೆಂಟು ಕಿಲೋ ಮೀರಿದರೆ ಪಕ್ಕಕ್ಕೆ ತಿರುಗುತ್ತದೆ, ಮುರಿದರೆ ಹಳ್ಳಿಯಲ್ಲಿ ಅಲ್ಯೂಮಿನಿಯಂ ವೆಲ್ಡಿಂಗ್ ಆಗುವುದಿಲ್ಲ. ಸಾದಾ ಸೈಕಲ್ಲಿನ ಕಬ್ಬಿಣದ ಕ್ಯಾರಿಯರ್, ಕಾಲುಗಳು ಹಿಂದಿನ ಆಕ್ಸೆಲ್ಲಿನ ಹತ್ತಿರ ಕೂರುವಂಥದ್ದು, ಒಂದು ಕಿಲೋ ಹೆಚ್ಚು ತೂಗಿದರೂ ಸರಿ. ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರ್ ಹೊತ್ತ ಜಾತಿ ಅದು. ಬೋಲ್ಟುಗಳಿಗೆ ನೈಲಾನ್ ಹಾಕಿದ ಲಾಕ್ ನಟ್ಟು ಹಾಕಿಸಿ, ಸಾದಾ ನಟ್ಟು ಜಲ್ಲಿ ರಸ್ತೆಯ ಕಂಪನಕ್ಕೆ ದಿನದೊಳಗೆ ಸಡಿಲವಾಗುತ್ತದೆ.

ಫ್ರೇಮೇ ಬಿರುಕುಬಿಟ್ಟರೆ ಒಂದು ಮಾತು. ಗೇಟು, ಕಿಟಕಿ ಮಾಡುವ ಕಡ್ಡಿ ವೆಲ್ಡಿಂಗ್ ಸೈಕಲ್ಲಿನ ತೆಳು ಕೊಳವೆಯನ್ನು ಸುಟ್ಟು ತೂತು ಮಾಡುತ್ತದೆ. ಗ್ಯಾಸ್ ವೆಲ್ಡಿಂಗ್ ಇರುವ ಕಡೆ ಹಿತ್ತಾಳೆ ಕಡ್ಡಿಯಲ್ಲಿ ಬೆಸುಗೆ ಹಾಕಿಸಬೇಕು. ಇಂಥ ಕೆಲಸಕ್ಕೆ ಹೇಳಿದ ದುಡ್ಡಿಗೆ ಚೌಕಾಸಿ ಮಾಡಬೇಡಿ, ಆ ಬೆಸುಗೆಯ ಮೇಲೆ ನೀವು ಬೆಟ್ಟ ಇಳಿಯುವವರು.

ಚೀಲಕ್ಕೆ ತುಮಕೂರಿನಲ್ಲಿ ಲಾರಿ ಟಾರ್ಪಾಲು ಹೊಲಿಯುವವರು ಸಾಕು. ಒಂದೊಂದು ಪಕ್ಕಕ್ಕೆ 15 ಲೀಟರಿನಷ್ಟು, ಮೇಲಿನ ಬಾಯಿ ಸುರುಳಿ ಸುತ್ತಿ ಕಟ್ಟುವಂತೆ, ಬೆನ್ನಿಗೆ ತೆಳು ಪ್ಲೈವುಡ್ ಇಟ್ಟು ಹೊಲಿಸಬಹುದು. ಮುಂದಿನ ಕೆಳಮೂಲೆಯನ್ನು ಓರೆಯಾಗಿ ಕತ್ತರಿಸಲು ಹೇಳಿ, ಇಲ್ಲದಿದ್ದರೆ ಪ್ರತಿ ತುಳಿತಕ್ಕೂ ಹಿಮ್ಮಡಿ ತಾಗುತ್ತದೆ. ಭಾರದ್ದು ಕೆಳಗೆ, ಆಕ್ಸೆಲ್ಲಿನ ಹತ್ತಿರ. ಎಲ್ಲವನ್ನೂ ಕ್ಯಾರಿಯರಿನ ನೆತ್ತಿಯ ಮೇಲೆ ಕಟ್ಟಿದರೆ ಇಳಿಜಾರಿನಲ್ಲಿ ಗಂಟೆಗೆ 35 ಕಿಲೋಮೀಟರ್ ದಾಟಿದಾಗ ಹ್ಯಾಂಡಲ್ ನಡುಗಲು ಶುರುವಾಗುತ್ತದೆ. ಆಗ ಮೊಣಕಾಲನ್ನು ಫ್ರೇಮಿಗೆ ಒತ್ತಿ ಹಿಂದಿನ ಬ್ರೇಕು ಮೆಲ್ಲಗೆ ಹಿಡಿಯಬೇಕು.

ವಿ-ಬ್ರೇಕು ಸಾಕು, ರಿಮ್ಮು ಮಾತ್ರ ಅಲ್ಯೂಮಿನಿಯಂ ಆಗಿರಬೇಕು. ಉಕ್ಕಿನ ರಿಮ್ಮು ಮಳೆ ಬಿದ್ದೊಡನೆ ಬ್ರೇಕಿಗೆ ಸಿಗುವುದಿಲ್ಲ. ಎಣ್ಣೆಯ ಡಿಸ್ಕ್ ಬ್ರೇಕು ಹಿಡಿತದಲ್ಲಿ ಶ್ರೇಷ್ಠ, ಆದರೆ ಸೋರಿದ ದಿನ ಪಾವಗಡದಲ್ಲಿ ಮಾಡುವಂಥದ್ದು ಏನೂ ಇಲ್ಲ. ನಂದಿ, ದೇವರಾಯನದುರ್ಗ ಇಳಿಯುವಾಗ ಒಂದೇ ಬ್ರೇಕನ್ನು ಹಿಡಿದೇ ಇರಬೇಡಿ. ಮುಂದು ಹಿಂದು ಬದಲಿಸುತ್ತ, ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ಬಿಡಬೇಕು. ಸತತವಾಗಿ ಹಿಡಿದರೆ ರಿಮ್ಮು ಕಾದು ಟ್ಯೂಬು ಸಿಡಿಯಬಹುದು.

ನೀರು, ಗಾಳಿ

ಪಾವಗಡದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಒಂದೆರಡು ದಿನ ಕುಡಿದವರಿಗೆ ಏನೂ ಆಗುವುದಿಲ್ಲ, ಆದರೆ ರುಚಿ ಹಿಡಿಸದೆ ನೀರು ಕಡಿಮೆ ಕುಡಿಯುವುದೇ ಬಿಸಿಲಿನಲ್ಲಿ ದೊಡ್ಡ ಅಪಾಯ. ದೊಡ್ಡ ಹಳ್ಳಿಗಳಲ್ಲಿ ನಾಣ್ಯ ಹಾಕುವ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯಕ್ಕೆ ಒಂದು ಕ್ಯಾನಿನಷ್ಟು ನೀರು ಒಮ್ಮೆಲೇ ಸುರಿಯುವುದರಿಂದ ಎರಡು ಬಾಟಲಿ ಇಟ್ಟು ಮಿಕ್ಕಿದ್ದನ್ನು ನೆಲಕ್ಕೆ ಹರಿಸಬೇಡಿ. ಕ್ಯಾನ್ ತಂದವರು ಯಾರಾದರೂ ಇದ್ದೇ ಇರುತ್ತಾರೆ, ನಾಣ್ಯ ನೀವು ಹಾಕಿ, ಬಾಟಲಿ ತುಂಬಿಸಿಕೊಂಡು ಮಿಕ್ಕಿದ್ದು ಅವರ ಕ್ಯಾನಿಗೆ ಹೋಗಲಿ. ಬೇಸಿಗೆಯಲ್ಲಿ ಮೂರು ಲೀಟರ್ ಹೊರಲು ಜಾಗವಿರಬೇಕು. ಫ್ರೇಮಿನಲ್ಲಿ ಬಾಟಲಿ ಹಿಡಿಕೆಗೆ ತೂತು ಒಂದೇ ಕಡೆ ಇರುವುದು ಈ ಸೈಕಲ್ಲುಗಳ ಸಣ್ಣ ಕೊರತೆ.

ಗಾಳಿಯನ್ನು ನೋಡಿ ದಿಕ್ಕು ಆರಿಸಿ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಪಶ್ಚಿಮದಿಂದ ಬಲವಾಗಿ ಬೀಸುತ್ತದೆ, ಆಗ ತುಮಕೂರಿನಿಂದ ಕೋಲಾರದ ಕಡೆಗೆ ಹೋಗಬೇಕು. ನವೆಂಬರಿನಿಂದ ಫೆಬ್ರವರಿವರೆಗೆ ಗಾಳಿ ಪೂರ್ವದಿಂದ, ಆಗ ಕೋಲಾರದಿಂದ ಶುರುಮಾಡುವುದು ಹಿತ. ಪಾವಗಡದ ಬಯಲಿನಲ್ಲಿ, ತಿರುಮಣಿಯ ಸೋಲಾರ್ ಪಾರ್ಕ್ ಸುತ್ತಲಿನ ರಸ್ತೆಗಳಲ್ಲಿ ನೆರಳೇ ಇಲ್ಲ, ಎದುರುಗಾಳಿ ಸೇರಿದರೆ ಏರಿಗಿಂತ ಹೆಚ್ಚು ಸುಸ್ತು. ಚಿಕ್ಕಬಳ್ಳಾಪುರ, ಗುಡಿಬಂಡೆ ಕಡೆ ಜಲ್ಲಿ ಕ್ರಷರಿನ ಟಿಪ್ಪರ್‌ಗಳು ಹೆಚ್ಚು, ಹ್ಯಾಂಡಲ್ಲಿಗೆ ಬಲಗಡೆ ಒಂದು ಕನ್ನಡಿ ಇರಲಿ. ಸೈಕಲ್ಲು ಪೂರ್ತಿ ಕೈಕೊಟ್ಟರೆ ಗೌರಿಬಿದನೂರಿನಲ್ಲಿ ರೈಲ್ವೆ ನಿಲ್ದಾಣವಿದೆ, ಪಾವಗಡ, ಮಧುಗಿರಿ ಕಡೆ ಮೇಲೆ ಕ್ಯಾರಿಯರ್ ಇರುವ ಖಾಸಗಿ ಬಸ್ಸಿನವರು ಹಾಕಿಕೊಳ್ಳುತ್ತಾರೆ. ಡಿರೇಲರ್ ಇರುವ ಬಲಬದಿ ಮೇಲಕ್ಕೆ ಬರುವಂತೆ ಮಲಗಿಸಲು ಹೇಳಿ.

ಕೊಳ್ಳುವಾಗ ಕೊನೆಯದಾಗಿ ನೋಡಬೇಕಾದ್ದು ಅಳತೆ. ಈ ದರ್ಜೆಯ ಸೈಕಲ್ಲು ಹೆಚ್ಚಾಗಿ ಒಂದೇ ಫ್ರೇಮ್ ಅಳತೆಯಲ್ಲಿ ಬರುತ್ತದೆ. ಐದಡಿ ಹತ್ತಿಂಚು ಮೀರಿದವರು ಸೀಟಿನ ಕಂಬವನ್ನು ಗುರುತಿನ ಗೆರೆಗಿಂತ ಮೇಲೆ ಎಳೆದರೆ ಫ್ರೇಮು ಅಲ್ಲೇ ಸೀಳುತ್ತದೆ, ಉದ್ದದ ಕಂಬವನ್ನೇ ಬೇರೆ ಕೊಳ್ಳಬೇಕು. ಕೊಂಡ ಮೇಲೆ ಊರಿನ ಸುತ್ತ 150 ಕಿಲೋಮೀಟರ್ ಓಡಿಸಿ, ಅದೇ ಅಂಗಡಿಗೆ ಮರಳಿ ಹೋಗಿ ಎಡ ಬಲ ಕ್ರ್ಯಾಂಕಿನ, ಅಂದರೆ ಪೆಡಲ್ ಕೂರುವ ತೋಳಿನ, ಬೋಲ್ಟು, ಹ್ಯಾಂಡಲಿನ ಬೇರಿಂಗ್ ಕಪ್ಪು, ಹಿಂದಿನ ಕಡ್ಡಿ ಮೂರನ್ನೂ ಬಿಗಿ ಮಾಡಿಸಿ. ಕ್ರ್ಯಾಂಕು ಸಡಿಲವಿದ್ದಾಗಲೇ ತುಳಿದರೆ ಅದರ ಚೌಕ ಕಿಂಡಿ ದುಂಡಗಾಗುತ್ತದೆ. ಆಮೇಲೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ, ಕ್ರ್ಯಾಂಕನ್ನೇ ಬದಲಿಸಬೇಕಾಗುತ್ತದೆ.